ನೂರಕ್ಕೆ ನೂರರ ಹೊರಗೆ ಉಳಿದವರು



ಉಪನ್ಯಾಸಕ್ಕೆ ಕರೆದವರು ನನ್ನ ಮುಂದೆ ಎರಡು ವಿಷಯ ಇಟ್ಟರು. ಒಂದು, ಹೆಂಗಸರು ಕೂಡಿ ನಡೆಸುವ ಸಣ್ಣ ಉದ್ಯಮ ಮತ್ತು ಸಹಕಾರ. ಇನ್ನೊಂದು, ಮಕ್ಕಳ ಅಂಕ ಮತ್ತು ಅವರ ಮನಸ್ಸಿನ ನೆಮ್ಮದಿ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಇವೆರಡನ್ನು ಬಿಡಿಸಲು ಆಗಲಿಲ್ಲ. ನಮ್ಮ ಕುಂದಾಪುರದ ಕಡೆ ಇವೆರಡೂ ಒಂದೇ ಮನೆಯ ಒಂದೇ ಜಗಲಿಯಲ್ಲಿ ಇರುತ್ತವೆ. ಅಮ್ಮ ಬೀಡಿ ಕಟ್ಟುವ ಬಲ್ಬಿನ ಕೆಳಗೇ ಮಗಳು ಗಣಿತ ಮಾಡುತ್ತಾಳೆ. ನಾನು ಹಾಗೆ ಓದಿದವಳು. ಸಾವಿರ ಬೀಡಿ ಮುಗಿಯದೆ ಅಮ್ಮ ಏಳುತ್ತಿರಲಿಲ್ಲ, ಅಮ್ಮ ಏಳದೆ ದೀಪ ಆರುತ್ತಿರಲಿಲ್ಲ. ದೀಪ ಇರುವಷ್ಟು ಹೊತ್ತು ನನಗೆ ಓದು.

ಜೂನ್ ತಿಂಗಳಿನಿಂದ ಶುರು ಮಾಡುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಬೇಕಾದದ್ದೇ. ಆದರೆ ಗಂಗೊಳ್ಳಿಯಲ್ಲೋ ಉಪ್ಪುಂದದಲ್ಲೋ ಕೋಡಿಕನ್ಯಾನದಲ್ಲೋ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸಿನ ಲೆಕ್ಕ ನೋಡಿ. ಬೋಟು ದಡಕ್ಕೆ ಬಿದ್ದ ದಿನವೇ ಅವಳ ಕೈ ಖಾಲಿ. ಕಡಲು ಬಿಟ್ಟ ದಿನ ನಾಡದೋಣಿಯವರು ತಂದಷ್ಟು ಮೀನು, ಇಲ್ಲದಿದ್ದರೆ ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು. ಮಲ್ಲಿಗೆ ಕಟ್ಟುವವಳ ಗಿಡದಲ್ಲಿ ಮಳೆಗೆ ಮೊಗ್ಗು ಕಡಿಮೆ. ಹಪ್ಪಳ ಮಾಡುವವಳಿಗೆ ಬಿಸಿಲಿಲ್ಲ. ಶಾಲೆ ತೆರೆಯುವುದೂ ಇದೇ ಹೊತ್ತಿಗೆ. ಫೀಸು, ಯೂನಿಫಾರಂ, ಪುಸ್ತಕ, ಕೊಡೆ, ಬಸ್ ಪಾಸ್, ಎಲ್ಲ ಒಟ್ಟಿಗೆ ಮನೆ ಬಾಗಿಲಿಗೆ ಬರುತ್ತವೆ. ಸಂಪಾದನೆ ನಿಂತ ವಾರವೇ ವರ್ಷದ ಅತಿ ದೊಡ್ಡ ಖರ್ಚು. ಹೆಂಗಸರ ಸಂಘದ ಸಾಲದ ಪುಸ್ತಕವನ್ನು ಬಿಡಿಸಿ ಕೂತರೆ ಮೇ, ಜೂನ್ ತಿಂಗಳ ಪುಟಗಳಲ್ಲಿ ‘ಮಕ್ಕಳ ವಿದ್ಯಾಭ್ಯಾಸ’ ಎಂಬ ಎರಡು ಪದ ಎಷ್ಟು ಸಲ ಬರುತ್ತದೆ ಎಂದು ಇಲ್ಲಿರುವ ಪ್ರತಿಯೊಬ್ಬ ಅಧ್ಯಕ್ಷೆಗೂ ಗೊತ್ತು.

ಈ ಪುಸ್ತಕದ ವಂಶ ದೊಡ್ಡದು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದರು. ನಮ್ಮ ಅವಿಭಜಿತ ಜಿಲ್ಲೆಗೆ ಆ ಬೀಜ ತಂದವರು ತಮ್ಮ ಹೆಸರಿನಲ್ಲೇ ಕುಂದಾಪುರದ ಮೊಳಹಳ್ಳಿಯನ್ನು ಹೊತ್ತ ಶಿವರಾಯರು. ಪುತ್ತೂರಿನಲ್ಲಿ ವಕೀಲರಾಗಿದ್ದ ಅವರು 1909ರಲ್ಲಿ ಅಲ್ಲಿ ಸಹಕಾರಿ ಬ್ಯಾಂಕ್ ಸ್ಥಾಪಿಸಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಶುರುವಾದದ್ದೂ ಅವರ ಓಡಾಟದಿಂದಲೇ. ಉಡುಪಿಯಲ್ಲಿ ಕೈಮಗ್ಗದವರು ಸೋತು ಕುಳಿತಿದ್ದಾಗ ಡಾ. ಟಿ.ಎಂ.ಎ. ಪೈ ಮತ್ತು ಗೆಳೆಯರು 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ಸಾಕಿತ್ತು. ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಇಡುತ್ತಿದ್ದ ಹೆಂಗಸಿನ ಹೆಸರಿನಲ್ಲಿ ಒಂದು ಖಾತೆ ಹುಟ್ಟಿದ್ದು ಆಗ.

ಮೊಳಹಳ್ಳಿಯವರ ಬಗ್ಗೆ ಹೇಳುವಾಗ ಸಹಕಾರಿಗಳು ಬ್ಯಾಂಕಿನ ಮಾತು ಮಾತ್ರ ಆಡುತ್ತಾರೆ. ಅವರು ಪುತ್ತೂರಿನಲ್ಲಿ ಶಾಲೆಯ ಕೆಲಸಕ್ಕೂ ಅಷ್ಟೇ ಜೀವ ಕೊಟ್ಟವರು. ದಸರಾ ನಾಡಹಬ್ಬವನ್ನು ಊರಿನ ಹಬ್ಬ ಮಾಡಿದವರು. ಅಲ್ಲಿ ಅವರ ಜೊತೆಗೂಡಿದ್ದು ಯಾರು? ನಮ್ಮ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಕಾರಂತರು ಕಾಲೇಜು ಅರ್ಧಕ್ಕೆ ಬಿಟ್ಟವರು. ಅದೇ ವ್ಯಕ್ತಿ ಪುತ್ತೂರಿನಲ್ಲಿ ಮಕ್ಕಳಿಂದ ನಾಟಕ ಆಡಿಸಿದರು, ಕುಣಿಸಿದರು, ಬಾಲವನ ಕಟ್ಟಿದರು, 1936ರ ಹೊತ್ತಿಗೆ ಮೂರು ಸಂಪುಟದ ‘ಬಾಲಪ್ರಪಂಚ’ ಬರೆದುಕೊಟ್ಟರು. ಒಬ್ಬರು ಹಣ ಕೂಡಿಸುವುದನ್ನು ಕಲಿಸಿದರು, ಇನ್ನೊಬ್ಬರು ಮಕ್ಕಳು ನಗುತ್ತಾ ಕಲಿಯಬಹುದು ಎಂದು ತೋರಿಸಿದರು. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ವೇದಿಕೆಯಲ್ಲಿ ದುಡಿದವರು. ಈ ಎರಡು ವಿಷಯಗಳನ್ನು ಬೇರೆ ಮಾಡಿದ್ದು ನಾವು.

ಹೆಂಗಸರ ಸಂಘಗಳ ಈಗಿನ ರೂಪ ಅಷ್ಟು ಹಳೆಯದಲ್ಲ. ಎಂಬತ್ತರ ದಶಕದಲ್ಲಿ ಕರ್ನಾಟಕದ ಬಯಲುಸೀಮೆಯಲ್ಲಿ ಮೈರಾಡ ಸಂಸ್ಥೆ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳ ಗುರಿಯಿಟ್ಟು ಬ್ಯಾಂಕ್ ಜೋಡಣೆ ಆರಂಭಿಸಿತು. 1982ರಲ್ಲಿ ಬೆಳ್ತಂಗಡಿಯಲ್ಲಿ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಗುಂಪುಗಳು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ನೆರಳಿನ ನವೋದಯ ಗುಂಪುಗಳು, 2000-01ರಲ್ಲಿ ಸರಕಾರ ತಂದ ಸ್ತ್ರೀಶಕ್ತಿ, ಆಮೇಲೆ ಸಂಜೀವಿನಿ, ಹೀಗೆ ಒಂದೇ ಓಣಿಯಲ್ಲಿ ನಾಲ್ಕು ಬಗೆಯ ಗುಂಪುಗಳು ಇವೆ. ಸ್ವಸಹಾಯ ಗುಂಪು ಬೇರೆ, ಸಹಕಾರ ಸಂಘ ಬೇರೆ ಎಂಬುದನ್ನು ಮಾತ್ರ ಇಲ್ಲಿ ಸ್ಪಷ್ಟ ಮಾಡುತ್ತೇನೆ. ಗುಂಪಿಗೆ ಹತ್ತು ಇಪ್ಪತ್ತು ಜನ ಸಾಕು, ನೋಂದಣಿ ಬೇಕೆಂದಿಲ್ಲ. ಸಹಕಾರ ಸಂಘ ಕಾಯ್ದೆಯಡಿ ನೋಂದಾಯಿತವಾದದ್ದು. ಅಲ್ಲಿ ಸದಸ್ಯೆಗೆ ಪಾಲುಬಂಡವಾಳ ಇದೆ, ಎಷ್ಟೇ ಪಾಲಿದ್ದರೂ ಒಂದೇ ಮತ ಇದೆ, ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕಿದೆ. ಮಹಿಳಾ ಹಾಲು ಉತ್ಪಾದಕರ ಸಂಘ ಇದಕ್ಕೆ ಒಳ್ಳೆಯ ಮಾದರಿ. ಬೆಳಗ್ಗೆ ಡೈರಿಗೆ ಹಾಲು ಹಾಕಿದವಳಿಗೆ ಅಳತೆಯೂ ಫ್ಯಾಟೂ ಬರೆದ ಚೀಟಿ ಕೈಗೆ ಸಿಗುತ್ತದೆ, ಬಟವಾಡೆ ಅವಳ ಹೆಸರಿಗೇ ಬರುತ್ತದೆ. ನನ್ನ ಅಮ್ಮನಿಗೆ ಆ ಭಾಗ್ಯ ಇರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕಟ್ಟುಗಳನ್ನು ಬಿಚ್ಚಿ, ಚೆನ್ನಾಗಿಲ್ಲ ಎಂದು ಆರಿಸಿ ಪಕ್ಕಕ್ಕೆ ಹಾಕಿದರೆ ಯಾಕೆ ಎಂದು ಕೇಳುವಂತಿರಲಿಲ್ಲ. ಅವಳು ಏನೂ ಹೇಳದೆ ಮನೆಗೆ ಬರುತ್ತಿದ್ದಳು. ಮುಂದೆ ನಾನು ಟೀಚರಾಗಿ ಉತ್ತರಪತ್ರಿಕೆ ಹಂಚುವಾಗ, ಕಡಿಮೆ ಅಂಕ ಬಂದ ಮಗು ಪತ್ರಿಕೆಯನ್ನು ಮಡಚಿ ಚೀಲದ ತಳಕ್ಕೆ ತುರುಕುವುದನ್ನು ಕಂಡಾಗಲೆಲ್ಲ ಅಮ್ಮ ಬ್ರಾಂಚಿನಿಂದ ಹಿಂದೆ ಬರುತ್ತಿದ್ದ ನಡಿಗೆ ನೆನಪಾಗುತ್ತಿತ್ತು.

ಈಗ ಅಂಕದ ಮಾತಿಗೆ ಬರೋಣ. ಉಡುಪಿ ಜಿಲ್ಲೆಯ ಫಲಿತಾಂಶ ರಾಜ್ಯಕ್ಕೆ ಮಾದರಿ ಎನ್ನುತ್ತಾರೆ. ಸುಳ್ಳಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಶೇಕಡಾ 94 ಫಲಿತಾಂಶದೊಂದಿಗೆ ಮೊದಲು ಬಂತು. 2025ರ ದ್ವಿತೀಯ ಪಿಯುಸಿಯಲ್ಲಿ 93.90, ಅದೂ ಮೊದಲ ಸ್ಥಾನ. ಆ ವರ್ಷ ರಾಜ್ಯದ ಸರಾಸರಿ 73.45. ಇದರ ಹಿಂದೆ ಬೀಡಿ ಕಟ್ಟಿದ, ಗೇರುಬೀಜ ಸುಲಿದ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ ತಾಯಂದಿರ ಎರಡು ತಲೆಮಾರಿನ ಹಟ ಇದೆ. ನಾನು ಆ ಹಟದ ಮಗಳು. ಈ ಸಂಖ್ಯೆಗಳನ್ನು ಹಗುರ ಮಾಡಲು ಇಲ್ಲಿ ನಿಂತಿಲ್ಲ.

ಆದರೆ 94 ಎಂದಾಗ ನೂರರಲ್ಲಿ ಆರು ಮಕ್ಕಳು ಹೊರಗೆ ಉಳಿದರು. ಅವರ ಫೋಟೋ ಯಾವ ಬ್ಯಾನರಿನಲ್ಲೂ ಇಲ್ಲ. ಒಳಗಿರುವ 94ರಲ್ಲೂ ಎಷ್ಟು ಮಂದಿ ನಿದ್ದೆ ಕೆಟ್ಟು, ಊಟ ಬಿಟ್ಟು, ಹೊಟ್ಟೆನೋವು ಎಂದು ಪರೀಕ್ಷೆಯ ಹಿಂದಿನ ದಿನ ಆಸ್ಪತ್ರೆಗೆ ಹೋಗಿ ಬಂದವರು ಎಂಬ ಲೆಕ್ಕವನ್ನು ಯಾವ ಇಲಾಖೆಯೂ ಇಡುವುದಿಲ್ಲ. ಶೇಕಡಾ ನೂರು ಬೇಕು ಎಂಬ ಆಸೆ ಹುಟ್ಟಿದಾಗ ಇನ್ನೊಂದು ಕೆಲಸವೂ ನಡೆಯುತ್ತದೆ. ನಾನು ದುಡಿದ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಕೊನೆಗೆ ನಾಲ್ಕು ಮಕ್ಕಳ ಮನೆಯವರನ್ನು ಕರೆಸಿ, ‘ಇವರಿಗೆ ಬೇರೆ ಶಾಲೆ ಒಳ್ಳೆಯದು’ ಎಂದು ಹೇಳಲಾಯಿತು. ಮರುವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಬಂತು. ಸನ್ಮಾನವಾಯಿತು, ಶಾಲು ಹೊದಿಸಿದರು. ಆ ನಾಲ್ಕು ಮಕ್ಕಳ ವರ್ಗಾವಣೆ ಪತ್ರಕ್ಕೆ ತರಗತಿ ಟೀಚರಾಗಿ ಸಹಿ ಹಾಕಿದವಳು ನಾನು. ಅವರಲ್ಲಿ ಒಬ್ಬ ಮುಂದೆ ಎಸ್ಸೆಸ್ಸೆಲ್ಸಿಗೆ ಕೂರಲೇ ಇಲ್ಲ. ಇಂದಿಗೂ ನನಗೆ ಆ ಶಾಲು ಭಾರವೇ.

ಸಂಘದಲ್ಲೂ ಒಂದು ನೂರಕ್ಕೆ ನೂರು ಇದೆ. ಅದರ ಹೆಸರು ಮರುಪಾವತಿ. ನಮ್ಮ ಹೆಂಗಸರು ಸಾಲ ಮುಳುಗಿಸುವುದಿಲ್ಲ ಎಂದು ಬ್ಯಾಂಕಿನವರು ವೇದಿಕೆಯಲ್ಲಿ ಹೇಳುವಾಗ ನನಗೂ ಎದೆ ತುಂಬುತ್ತದೆ. ಹಾಗೆಂದು ಆ ನೂರನ್ನು ಕಾಯಲು ಹೊರಟ ಗುಂಪುಗಳು ಏನು ಮಾಡುತ್ತವೆ? ಗಂಡ ಕುಡಿಯುವ ಮನೆಯವಳನ್ನು, ಕಾಯಿಲೆಯವಳನ್ನು, ಬಾಡಿಗೆ ಮನೆಯಲ್ಲಿ ಇರುವವಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. ಅವಳು ಎರಡು ಕಂತು ತಪ್ಪಿಸಿದರೆ ನಮ್ಮ ಹೆಸರು ಹಾಳು ಎನ್ನುತ್ತವೆ. ಶಾಲೆ ಆ ನಾಲ್ಕು ಮಕ್ಕಳಿಗೆ ಹೇಳಿದ್ದೂ ಇದೇ ಮಾತು. ಎರಡೂ ಕಡೆ ನಿಜವಾಗಿ ಯಾರಿಗೋಸ್ಕರ ಕಟ್ಟಿದ್ದೋ ಅವರೇ ಹೊರಗೆ.

ಸದಸ್ಯೆ ಸಭೆಗೆ ಬಾರದಿದ್ದರೆ ಉಳಿದವರು ಅವಳ ಮನೆಗೆ ಹೋಗುತ್ತಾರೆ. ಹೋಗುವುದರಲ್ಲಿ ಎರಡು ಬಗೆ ಇದೆ. ಎಂತಾಯ್ತು ಎಂದು ಕೇಳಲು ಹೋಗುವುದು ಒಂದು. ದುಡ್ಡು ಕೈಗೆ ಬರುವ ತನಕ ಅಂಗಳದಲ್ಲಿ ಕೂರುವುದು ಇನ್ನೊಂದು. ಮೈಕ್ರೋಫೈನಾನ್ಸ್ ವಸೂಲಿಗಾರರ ಈ ಎರಡನೆಯ ಬಗೆ ರಾಜ್ಯದಲ್ಲಿ ಎಷ್ಟು ಕೆಟ್ಟಿತೆಂದರೆ, ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದರೆ ಮೊದಲನೆಯ ಬಗೆಯನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಹೆರಿಗೆಯ ಮನೆಯಲ್ಲಿದ್ದ ಸದಸ್ಯೆಯ ಕಂತು ಬರಲಿಲ್ಲ ಎಂದು ಲೆಕ್ಕ ಬರೆಯುವ ಹುಡುಗಿ ಪೆನ್ನು ಎತ್ತಿ ಕೂತಿದ್ದಳು. ಮೂಲೆಯಲ್ಲಿ ಕೂತ ಹಿರಿಯಳೊಬ್ಬಳು ಸೆರಗಿನ ಗಂಟು ಬಿಚ್ಚಿದಳು. ‘ಈ ವಾರ ಅವಳದ್ದ್ ನಾವ್ ಹಾಕುವ, ಬಪ್ಪು ವಾರ ಕಾಂಬ’ ಎಂದಳು. ಹನ್ನೆರಡು ಜನ ಹತ್ತು ಹತ್ತು ರೂಪಾಯಿ ಚಾಪೆಯ ಮೇಲೆ ಇಟ್ಟರು. ಅಲ್ಲಿ ಯಾರೂ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆಯಲಿಲ್ಲ.

ಈ ‘ಬಪ್ಪು ವಾರ ಕಾಂಬ’, ಮುಂದಿನ ವಾರ ನೋಡೋಣ ಎನ್ನುವ ಮನಸ್ಸು, ನಮ್ಮ ಶಾಲೆಗಳಿಗೆ ಬೇಕು. ಸರಕಾರ ಇದರ ಸ್ವಲ್ಪ ಭಾಗವನ್ನು ಮಾಡಿದೆ. 2024ರಿಂದ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಕಂತು ಮುಂದೂಡಿದ ಹಾಗೆ. ಈ ಕ್ರಮದಿಂದ ಓದಿನ ಮಟ್ಟ ಇಳಿಯುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಏಪ್ರಿಲಿನಲ್ಲಿ ಬಿದ್ದವನು ಜೂನಿನಲ್ಲಿ ಎದ್ದರೆ ಮಟ್ಟ ಏರಿತು ಎಂದೇ ನನ್ನ ಲೆಕ್ಕ.

ನನ್ನ ಕೊನೆಯ ವರ್ಷಗಳಲ್ಲಿ ಹತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಹೇಳುವುದಿಲ್ಲ. ವಿಜ್ಞಾನದಲ್ಲಿ ಚುರುಕು. ಡಿಸೆಂಬರಿನ ನಂತರ ಅವಳ ಬರವಣಿಗೆ ಸಣ್ಣದಾಗುತ್ತಾ ಹೋಯಿತು, ಗೆರೆಯ ಮೇಲೆ ಕೂರದೆ ಪುಟದ ಅಂಚಿಗೆ ಸರಿಯಿತು. ಮಧ್ಯಾಹ್ನದ ಬಿಸಿಯೂಟ ಬಡಿಸುವ ಅಕ್ಕ ಮೊದಲು ಗಮನಿಸಿದಳು, ಊಟ ಬಿಡುತ್ತಿದ್ದಾಳೆ ಎಂದು ಬಂದು ಹೇಳಿದಳು. ಕರೆದು ಕೂರಿಸಿ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಾ ಫೇಲಾರೆ ಅಮ್ಮ ಕಂತ್ ಹ್ಯಾಂಗೆ ಕಟ್ಟುದ್ ಟೀಚರ್?’ ಎಂದಳು. ಅವಳ ಅಮ್ಮ ಟ್ಯೂಷನ್ನಿಗೆಂದು ಸಂಘದಲ್ಲಿ ಸಾಲ ತೆಗೆದಿದ್ದರು. ಸಾಲಕ್ಕೂ ಪಾಸಾಗುವುದಕ್ಕೂ ಬ್ಯಾಂಕಿನ ಲೆಕ್ಕದಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಹದಿನೈದು ವರ್ಷದ ಹುಡುಗಿ ಆ ಸಾಲಕ್ಕೆ ತನ್ನನ್ನೇ ಜಾಮೀನು ಇಟ್ಟುಕೊಂಡಿದ್ದಳು. ಅಮ್ಮನನ್ನು ಕರೆಸಿದೆ. ಅವರು ಬಂದದ್ದು ಒಬ್ಬರೇ ಅಲ್ಲ, ಸಂಘದ ಇಬ್ಬರು ಹೆಂಗಸರೊಂದಿಗೆ. ಮೂವರೂ ಆ ಹುಡುಗಿಯ ಸುತ್ತ ಬೆಂಚಿನಲ್ಲಿ ಕೂತರು. ‘ಕಂತು ನಮ್ದು ಮಗಾ, ಪರೀಕ್ಷೆ ನಿಂದು, ಎರಡನ್ನೂ ನೀ ಹೊರಬೇಡ’ ಎಂದು ಒಬ್ಬಳು ಅವಳ ಬೆನ್ನ ಮೇಲೆ ಕೈ ಇಟ್ಟು ಹೇಳಿದಳು. ಯಾವ ತರಬೇತಿ ಪಡೆದ ಆಪ್ತಸಮಾಲೋಚಕರೂ ಇದಕ್ಕಿಂತ ಸರಿಯಾದ ಮಾತು ಹೇಳಿಯಾರೆಂದು ನನಗೆ ತೋರುವುದಿಲ್ಲ. ಅಂದು ಸಂಜೆ ಬಿಸಿಯೂಟದ ಅಕ್ಕ ಅವಳಿಗೆ ಉಳಿದ ಅನ್ನಕ್ಕೆ ಸಾರು ಹಾಕಿ ಕೊಟ್ಟಳು, ಅವಳು ಉಂಡಳು.

ತರಬೇತಿ ಪಡೆದವರು ಬೇಡ ಎಂದು ಇದರ ಅರ್ಥವಲ್ಲ. ಖಂಡಿತ ಬೇಕು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶಕ್ಕೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಬಾರದು, ಎಲ್ಲರ ಎದುರು ಅವಮಾನಿಸಬಾರದು. ಹೆತ್ತವರಿಗೂ ತಿಳಿವಳಿಕೆ ಕೊಡಬೇಕು. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು ಹೊರಗಿನ ಮಾನಸಿಕ ಆರೋಗ್ಯ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ನಮ್ಮ ಘಟ್ಟದ ಬುಡದ ಊರುಗಳ ಶಾಲೆಗಳು ಹೆಚ್ಚಾಗಿ ಈ ಕೊನೆಯ ಗುಂಪಿನವು. ಅಲ್ಲಿಗೆ ಸಂಪರ್ಕ ತರುವವರು ಯಾರು? ಒಬ್ಬ ಹೆಡ್ಮಾಸ್ತರು, ಇಬ್ಬರು ಟೀಚರು ಇರುವ ಶಾಲೆಗೆ ಅದು ಇನ್ನೊಂದು ಫೈಲು. ಗ್ರಾಮ ಪಂಚಾಯತ್ ಮಟ್ಟದ ಸಂಜೀವಿನಿ ಒಕ್ಕೂಟಕ್ಕೆ ಅದು ಒಂದು ಮಧ್ಯಾಹ್ನದ ಕೆಲಸ. ಪಂಚಾಯತ್ ಕಚೇರಿಯ ಹಾಲಿಗೆ ತಿಂಗಳಿಗೊಮ್ಮೆ ತಜ್ಞರನ್ನು ಕರೆಸಿ, ನಾಲ್ಕು ಶಾಲೆಗಳ ಮಕ್ಕಳನ್ನೂ ಅಮ್ಮಂದಿರನ್ನೂ ಅಲ್ಲಿಗೆ ತನ್ನಿ.

ಮಕ್ಕಳ ಮನಸ್ಸಿಗೆ ನೆಮ್ಮದಿ ಕೊಡುವ ಇನ್ನೊಂದು ವಿಷಯ ಯಕ್ಷಗಾನ. ಯಕ್ಷಶಿಕ್ಷಣ ಟ್ರಸ್ಟ್ ನಮ್ಮ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸಿ, ವೇಷ ಕಟ್ಟಿಸಿ ರಂಗಕ್ಕೆ ತರುತ್ತಿದೆ, ಹೆಣ್ಣುಮಕ್ಕಳನ್ನೂ. ಹಿಂದಿನ ಬೆಂಚಿನಲ್ಲಿ ಕಣ್ಣು ತಗ್ಗಿಸಿ ಕೂರುತ್ತಿದ್ದ ಹುಡುಗ ಕೇದಗೆ ಮುಂದಲೆ ಕಟ್ಟಿ ಚೆಂಡೆಯ ಪೆಟ್ಟಿಗೆ ರಂಗ ಪ್ರವೇಶ ಮಾಡಿದ್ದನ್ನು ನೋಡಿದ ಮೇಲೆ ನಾನು ಅವನನ್ನು ಬೇರೆ ಕಣ್ಣಿನಿಂದ ನೋಡಿದೆ. ಅವನೂ ತನ್ನನ್ನು ಬೇರೆ ಕಣ್ಣಿನಿಂದ ನೋಡಿಕೊಂಡ. ಹತ್ತನೆಯ ತರಗತಿಗೆ ಬಂದ ಕೂಡಲೇ ‘ಇನ್ನು ಕುಣಿತ ಸಾಕು’ ಎಂದು ಗೆಜ್ಜೆ ಬಿಚ್ಚಿಸುವ ಹೆತ್ತವರೇ, ದಯವಿಟ್ಟು ಬಿಚ್ಚಿಸಬೇಡಿ. ಕಾರಂತರು ಪುತ್ತೂರಿನಲ್ಲಿ ಮಕ್ಕಳನ್ನು ಕುಣಿಸಿದ್ದು ಪಾಠ ತಪ್ಪಿಸಲು ಅಲ್ಲ.

ಸಂಘದ ಅಕ್ಕತಂಗಿಯರಲ್ಲಿ ನನ್ನ ಕೇಳಿಕೆ ಇಷ್ಟು. ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದ ವಾರದಿಂದ ಮೇ ತಿಂಗಳವರೆಗೆ ಸುಮಾರು 40 ವಾರ. ಉಳಿತಾಯದ ಜೊತೆಗೆ ವಾರಕ್ಕೆ 10 ರೂಪಾಯಿಯನ್ನು ಜೂನ್ ತಿಂಗಳಿಗೆಂದೇ ಬೇರೆ ಇಡಿ. 20 ಜನರ ಸಂಘದಲ್ಲಿ 8,000 ರೂಪಾಯಿ ಆಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಹುಟ್ಟಿದ್ದೂ ಅಷ್ಟೇ ಮೊತ್ತದಲ್ಲಿ. ರೂಪಾಯಿಯ ಬೆಲೆ ಇಳಿದಿದೆ, ನಿಜ. ಆದರೂ ಐದಾರು ಮನೆಗಳ ಪುಸ್ತಕಕ್ಕೂ ಯೂನಿಫಾರಂಗೂ ಬಡ್ಡಿಯಿಲ್ಲದೆ ಅದು ಸಾಕು. ಸದಸ್ಯೆಯೊಬ್ಬಳು ಲಕ್ಷದ ಕೋಚಿಂಗಿಗೆ ಸಾಲ ಕೇಳಿ ಬಂದರೆ, ಸಾಲ ಮಂಜೂರು ಮಾಡುವ ಮೊದಲು ಅವಳ ಮಗುವಿನ ಬಳಿ ಹೋಗಿ, ನಿನಗೆ ಇದು ಬೇಕಾ ಎಂದು ಯಾರಾದರೂ ಒಬ್ಬರು ಕೇಳಿ. ಹಸು ತರಲು ಸಾಲ ಕೊಡುವಾಗ ಹಸುವನ್ನು ನೋಡಿ ಬರುವ ನೀವು, ಮಗುವನ್ನು ನೋಡದೆ ಸಾಲ ಕೊಡಬೇಡಿ. ಎರಡು ಕಂತು ತಪ್ಪಿದವಳನ್ನು ಹೊರಗೆ ಹಾಕುವ ನಿರ್ಣಯ ಬರೆಯುವ ಮೊದಲು ಅವಳ ಮನೆಯಲ್ಲಿ ಓದುವ ಮಗು ಯಾವ ತರಗತಿಯಲ್ಲಿದೆ ಎಂದು ತಿಳಿದುಕೊಳ್ಳಿ.

ಅಧ್ಯಾಪಕರಲ್ಲಿ ಒಂದೇ ಮಾತು. ಮುಂದಿನ ಫಲಿತಾಂಶದ ದಿನ ಮೊದಲ ಫೋನು ಮೊದಲ ಸ್ಥಾನದವರಿಗೆ ಬೇಡ, ಅವರಿಗೆ ಫೋನು ಮಾಡಲು ಊರೇ ಇದೆ. ಬಿದ್ದ ಮಗುವಿನ ಮನೆಗೆ ಮಾಡಿ. ಸಾಧ್ಯವಾದರೆ ಹೋಗಿಯೇ ಬನ್ನಿ, ಎಂತಾಯ್ತು ಎಂದು ಕೇಳಲು ಹೋಗುವ ಆ ಮೊದಲನೆಯ ಬಗೆಯಲ್ಲಿ.

ಕೊನೆಗೆ ಪ್ರತಿ ಸದಸ್ಯೆಯೂ ಇಂದು ಮನೆಗೆ ಹೋಗಿ ಮಾಡಬೇಕಾದ ಒಂದು ಕೆಲಸ. ಸಂಘದ ಪಾಸ್‌ಪುಸ್ತಕದ ಹಿಂದಿನ ರಟ್ಟಿನ ಒಳಗೆ, ಮಕ್ಕಳ ಕಣ್ಣಿಗೂ ಬೀಳುವ ಹಾಗೆ, ದೊಡ್ಡ ಅಕ್ಷರದಲ್ಲಿ 14416 ಎಂದು ಬರೆದಿಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.